ಬಸ್ ಇಳಿದ ಮೇಲಿನ ದಾರಿ

ದೇವದುರ್ಗದಿಂದ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಬರುವ ಮಹಿಳೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ರೊಕ್ಕ ಕೊಡಬೇಕಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಗುರುತಿನ ಚೀಟಿ ತೋರಿಸಿದರೆ ಸಾಕು. ಖರ್ಚು ಶುರುವಾಗುವುದು ನಿಲ್ದಾಣದಲ್ಲಿ ಇಳಿದು ಆಟೊ ಹಿಡಿದಾಗ.

ಈ ಕೊನೆಯ ತುಂಡು ದಾರಿಯನ್ನು ಕಾಲ್ನಡಿಗೆಯ ಅಳತೆಗೆ ತರುವುದೇ ಸಾರಿಗೆ ಆಧಾರಿತ ಅಭಿವೃದ್ಧಿ. ನಿಲ್ದಾಣದಿಂದ 500ರಿಂದ 800 ಮೀಟರ್, ಅಂದರೆ ಹತ್ತು ನಿಮಿಷದ ನಡಿಗೆಯೊಳಗೆ ಮನೆ, ಅಂಗಡಿ, ಶಾಲೆ, ಕಚೇರಿಗಳು ಒತ್ತಾಗಿ ಇರಬೇಕು. ಕೇಂದ್ರ ಸರ್ಕಾರ ಇದಕ್ಕೆಂದೇ 2017ರಲ್ಲಿ ನೀತಿ ರೂಪಿಸಿತು. ಮೆಟ್ರೊ ಇದ್ದರೇ ಆಗುವ ಕೆಲಸವೇನೂ ಅಲ್ಲ. ಹುಬ್ಬಳ್ಳಿ–ಧಾರವಾಡದ ನಡುವೆ ಸುಮಾರು 22 ಕಿ.ಮೀ. ಉದ್ದಕ್ಕೆ ಚಿಗರಿ ಬಸ್ಸುಗಳಿಗೆಂದು ಪ್ರತ್ಯೇಕ ಪಥ ಕಟ್ಟಲಾಯಿತು. ಬಸ್ಸನ್ನೇ ನಂಬಿ ಊರು ಕಟ್ಟಬಹುದು.

ನಮ್ಮಲ್ಲಿ ಆಗುತ್ತಿರುವುದು ತಿರುವುಮುರುವು. ಅಗ್ಗದ ಹೊಲ ಸಿಕ್ಕ ಕಡೆ ಎನ್‌ಎ (ಕೃಷಿಯೇತರ) ಲೇಔಟ್ ಏಳುತ್ತದೆ. ಅಲ್ಲೊಂದು ಇಲ್ಲೊಂದು ಮನೆಯಿದ್ದರೆ ಬಸ್ಸಿಗೆ ಜನ ಸಾಲುವುದಿಲ್ಲ. ಜನರಿಲ್ಲವೆಂದು ಟ್ರಿಪ್ ಕಡಿಮೆಯಾಗುತ್ತದೆ, ಬಸ್ಸಿಲ್ಲವೆಂದು ಜನ ಸಾಲ ಮಾಡಿ ಬೈಕ್ ಕೊಳ್ಳುತ್ತಾರೆ. ಆಮೇಲೆ ಬಸ್ ಬಿಟ್ಟರೂ ಹತ್ತುವವರಿರುವುದಿಲ್ಲ. ಲೇಔಟಿನ ಕಾಂಪೌಂಡ್ ಗೋಡೆಯೂ ಕಡಿಮೆ ತೊಡಕಲ್ಲ: ಗೋಡೆಯಾಚೆಯೇ ಬಸ್ ನಿಂತರೂ ಗೇಟಿರುವುದು ಇನ್ನೊಂದು ದಿಕ್ಕಿಗಾದರೆ ಊರು ಸುತ್ತಿ ಬರಬೇಕು. ಗೋಡೆಯಲ್ಲಿ ಒಂದು ಕಿರುದಾರಿ ಬಿಟ್ಟರೆ ಆ ಸುತ್ತು ತಪ್ಪುತ್ತದೆ.

ರಾಯಚೂರಿನಲ್ಲಿ ದೂರದ ಜೊತೆಗೆ ಬಿಸಿಲನ್ನೂ ಲೆಕ್ಕ ಹಾಕಬೇಕು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರಿನಲ್ಲಿ ಬೇವು, ಹೊಂಗೆಯ ನೆರಳಿಲ್ಲದ ಫುಟ್‌ಪಾತ್ ಮಧ್ಯಾಹ್ನ ಇದ್ದೂ ಇಲ್ಲದಂತೆ. ಹತ್ತು ನಿಮಿಷ ಕೂಸನ್ನೆತ್ತಿಕೊಂಡು ನಡೆಯುವವರಿಗೆ ಮರದ ಸಾಲು, ಕುಡಿಯುವ ನೀರು, ರಾತ್ರಿಯ ಬೀದಿದೀಪ ಮೂರೂ ಸಾರಿಗೆಯ ಭಾಗವೇ.

ಇದೇ ಜಿಲ್ಲೆಯ ಮಾನ್ವಿಗೆ ಇದನ್ನೆಲ್ಲ ಮೊದಲೇ ಯೋಚಿಸುವ ಅವಕಾಶವಿದೆ. ಗಿಣಿಗೇರಾ–ಮಹಬೂಬ್‌ನಗರ ಮಾರ್ಗದಲ್ಲಿ 2024ರಲ್ಲಿ ರೈಲು ಸಿಂಧನೂರಿಗೆ ಬಂತು. ಆ ಹಳಿ ಮಾನ್ವಿ ಹಾಯ್ದು ರಾಯಚೂರು ಸೇರಬೇಕು. ರೈಲು ಬರುವ ಸುದ್ದಿಗೇ ನಿಲ್ದಾಣದ ಸುತ್ತಲಿನ ಜಮೀನಿನ ಬೆಲೆ ಏರುತ್ತದೆ. ಪ್ಲಾಟುಗಳು ಮಾರಾಟವಾಗುವ ಮೊದಲೇ ಬಸ್ ನಿಲ್ಲುವ ಜಾಗ, ಸಂತೆ ಕಟ್ಟೆ, ಬಡವರ ಮನೆಗಳಿಗೆ ನೆಲ ಕಾಯ್ದಿಡಬೇಕು. ಆಮೇಲೆ ಕೊಳ್ಳಲು ಯಾವ ಪುರಸಭೆಯ ಬೊಕ್ಕಸವೂ ಸಾಲದು.

ರೈಲಿಲ್ಲದ ದೇವದುರ್ಗಕ್ಕೂ ದಾರಿಯಿದೆ. ಹೊಸ ಕಚೇರಿ, ಕಾಲೇಜು, ಹಾಸ್ಟೆಲುಗಳನ್ನು ಊರಾಚೆಯ ಪುಕ್ಕಟೆ ಜಾಗಕ್ಕೆ ದಬ್ಬದೆ ಬಸ್ ನಿಲ್ದಾಣದ ಆಸುಪಾಸಿನಲ್ಲೇ ಕಟ್ಟಿದರಾಯಿತು. ಸರ್ಕಾರಕ್ಕೆ ಜಾಗದಲ್ಲಿ ಉಳಿಯುವ ಹಣವನ್ನು ಜನ ದಿನಾ ಆಟೊ ಬಾಡಿಗೆಯಾಗಿ ತೆರುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ.