ಚರ್ಮ ಹೇಳುವ ಸಕ್ಕರೆ ಲೆಕ್ಕ

ಶುಗರ್ ಇರುವ ನಮ್ಮ ಅನೇಕರಲ್ಲಿ ಒಂದು ಜಾಣತನ ಇದೆ. ರಕ್ತ ಪರೀಕ್ಷೆಗೆ ಎರಡು ದಿನ ಇರುವಾಗ ಸಿಹಿ ಬಿಡೋದು, ರಿಪೋರ್ಟ್ ಚೆನ್ನಾಗಿ ಬಂದ ಕೂಡಲೇ ಮದುವೆ ಊಟಕ್ಕೆ ಹೊರಡೋದು. ಆದರೆ ದೇಹ ಲೆಕ್ಕ ಮರೆಯುವುದಿಲ್ಲ.

ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ಎಚ್‌ಬಿಎ1ಸಿ ಪರೀಕ್ಷೆ ಎರಡು-ಮೂರು ತಿಂಗಳ ಕಥೆ ಹೇಳುತ್ತದೆ. ಚರ್ಮದ ಕೊಲಾಜನ್ ಇನ್ನೂ ಹಳೆಯ ದಫ್ತರ. ಅದಕ್ಕೆ ಸಕ್ಕರೆ ಅಂಟಿ ಹುಟ್ಟುವ ವಸ್ತುಗಳು ವರ್ಷಗಟ್ಟಲೆ ಅಲ್ಲೇ ಉಳಿಯುತ್ತವೆ. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ ರೂಪುಗೊಂಡ ಉಪಕರಣವೊಂದು ಮುಂಗೈಗೆ ನೇರಳಾತೀತ ಬೆಳಕು ಬಿಟ್ಟು, ಚರ್ಮದಿಂದ ಬರುವ ಹೊಳಪನ್ನು ಅಳೆಯುತ್ತದೆ. ಸೂಜಿ ಇಲ್ಲ, ರಕ್ತ ಇಲ್ಲ.

ಸೂಜಿಗೆ ಹೆದರುವವರಿಗೆ ಇದು ಖುಷಿಯ ಸುದ್ದಿಯೇ. ಆದರೆ ಕಪ್ಪು ಚರ್ಮ ಬೆಳಕನ್ನು ಹೀರಿಕೊಳ್ಳುವುದರಿಂದ ಅಲ್ಲಿ ಈ ಅಳತೆಯನ್ನು ನೆಚ್ಚಿಕೊಳ್ಳಲು ಆಗದು. ಬಿಸಿಲಲ್ಲಿ ದುಡಿಯುವ ನಮ್ಮವರ ಕೈಗೆ ಹೊಂದುತ್ತದೆಯೇ ಎಂದು ಇಲ್ಲೇ ಪರೀಕ್ಷಿಸಿ ನೋಡಬೇಕು.

ಅಲ್ಲಿಯವರೆಗೆ ಕಾಯುತ್ತಾ ಕೂರುವುದು ಬೇಡ. ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಕಾಯಿಲೆ ಬಿಗಡಾಯಿಸಿದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕು. ಕಣ್ಣು, ಕಿಡ್ನಿ, ಕಾಲು ಹೋದ ಮೇಲೆ ಯಾವ ಯಂತ್ರ ಬಂದು ಏನು ಪ್ರಯೋಜನ? ವೈದ್ಯರು ಹೇಳಿದಂತೆ ಮೂರು ತಿಂಗಳಿಗೋ ಆರು ತಿಂಗಳಿಗೋ ಎಚ್‌ಬಿಎ1ಸಿ ಮಾಡಿಸಿ. ರಕ್ತಹೀನತೆ ಇದ್ದರೆ ಮೊದಲೇ ಹೇಳಿ, ಅದರಿಂದ ಫಲಿತಾಂಶ ಏರುಪೇರಾಗಬಹುದು. ನಮ್ಮ ಜಮಾಅತ್‌ಗಳೂ ಆರೋಗ್ಯ ಶಿಬಿರ ಮಾಡುವಾಗ ಬರೀ ಬೆರಳು ಚುಚ್ಚಿ ಕಳಿಸದೆ, ಬಡವರಿಗಾದರೂ ಈ ಪರೀಕ್ಷೆಯ ಖರ್ಚು ಹಾಕಲಿ.