ಬಾಗಿಲು ತೆರೆಯದಿದ್ದರೂ ಸುಂಕ

ಪರದೇಶ ನೋಡುವುದು ಸಿರಿವಂತರ ವಿಲಾಸವೆಂಬ ಕಾಲ ಹಿಂದೆ ಸರಿದಿದೆ. ನಮ್ಮಂಥ ಜಿಲ್ಲೆಗಳ ಹಳ್ಳಿಗಳಿಂದಲೂ ಮಕ್ಕಳು ಓದುವುದಕ್ಕೆ, ದುಡಿಯುವುದಕ್ಕೆ ಜರ್ಮನಿಗೂ ಅಮೆರಿಕಕ್ಕೂ ಹೋಗಿದ್ದಾರೆ. ನಿವೃತ್ತ ಉಪಾಧ್ಯಾಯರು, ಸಣ್ಣ ಹಿಡುವಳಿಯ ರೈತರು, ಅಂಗಡಿಯವರು ಜೀವಮಾನದಲ್ಲಿ ಒಮ್ಮೆ ಆ ಊರುಗಳನ್ನು ನೋಡಿ ಬರಬೇಕೆಂದು ಬಯಸುತ್ತಾರೆ. ಬಯಕೆ ತಪ್ಪಲ್ಲ. ಆದರೆ ಟಿಕೆಟ್ಟಿನ ಹಣ ಕೂಡಿಟ್ಟ ಮಾತ್ರಕ್ಕೆ ವಿಮಾನ ಹತ್ತುವಂತಿಲ್ಲ. ನಡುವೆ ವೀಸಾ ಎಂಬ ಗೋಡೆಯಿದೆ. ಅದನ್ನು ಕಟ್ಟಿದವರು ಯಾರು, ಅದರ ಬಾಗಿಲು ಯಾರಿಗೆ ತೆರೆಯುತ್ತದೆ, ಬಾಗಿಲಲ್ಲಿ ವಸೂಲಾಗುವುದೇನು ಎಂಬುದನ್ನು ನಮ್ಮ ವಾಚಕರು ತಿಳಿದಿರುವುದು ಅವಶ್ಯ.

ಈ ಗೋಡೆ ಅನಾದಿಯಿಂದ ಬಂದುದಲ್ಲ. 1914 ರಲ್ಲಿ ಮೊದಲನೆಯ ಮಹಾಯುದ್ಧ ಹತ್ತಿಕೊಳ್ಳುವವರೆಗೆ ಪಶ್ಚಿಮ ಯುರೋಪಿನ ಬಹುಪಾಲು ದೇಶಗಳ ಗಡಿಯನ್ನು ಪಾಸ್‌ಪೋರ್ಟ್ ಇಲ್ಲದೆಯೇ ದಾಟಬಹುದಾಗಿತ್ತು. ಗೂಢಚಾರರ ಭಯದಿಂದ ಹುಟ್ಟಿದ ಯುದ್ಧಕಾಲದ ಕಟ್ಟಳೆ ಯುದ್ಧ ಮುಗಿದ ಮೇಲೂ ಉಳಿಯಿತು. 1920 ರಲ್ಲಿ ಲೀಗ್ ಆಫ್ ನೇಷನ್ಸ್ ಪ್ಯಾರಿಸಿನಲ್ಲಿ ಕರೆದ ಸಮ್ಮೇಳನವು ಹಳೆಯ ಸ್ವಾತಂತ್ರ್ಯ ಕ್ರಮೇಣ ಮರಳಲೆಂದು ಹಾರೈಸಿತು. ಹಾರೈಸುತ್ತಲೇ ಪಾಸ್‌ಪೋರ್ಟಿಗೆ ಏಕರೂಪದ ನಮೂನೆ ಗೊತ್ತುಮಾಡಿ ಕಟ್ಟಳೆಯನ್ನು ಭದ್ರಪಡಿಸಿತು. ಅದೇ ವರ್ಷ ಬ್ರಿಟಿಷ್ ಸರ್ಕಾರ ಭಾರತದ ಪ್ರವೇಶಕ್ಕೂ ಪಾಸ್‌ಪೋರ್ಟ್ ಕಾಯಿದೆ ತಂದಿತು. ಸ್ವತಂತ್ರ ಭಾರತ ಆ ಕಾಯಿದೆಯನ್ನು ತೆಗೆದುಹಾಕಿ ಹೊಸದನ್ನು ಜಾರಿಗೆ ತಂದದ್ದು 2025 ರಲ್ಲಿ.

ಕಟ್ಟಳೆಯ ಮಾತು ಎಲ್ಲರಿಗೂ ಒಂದೇ, ಏಟು ಮಾತ್ರ ಕೆಲವರಿಗೆ ಎಂಬುದಕ್ಕೆ ಹಳೆಯ ಸಾಕ್ಷಿಯಿದೆ. 1908 ರಲ್ಲಿ ಕೆನಡಾ ಸರ್ಕಾರವು ಹುಟ್ಟಿದ ದೇಶದಿಂದ ನಡುವೆ ಎಲ್ಲಿಯೂ ಇಳಿಯದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶವೆಂದು ಆಜ್ಞೆ ಮಾಡಿತು. ಅದರಲ್ಲಿ ಭಾರತದ ಹೆಸರಿರಲಿಲ್ಲ. ಆದರೆ ಭಾರತದಿಂದ ನೇರವಾಗಿ ಹೋಗುವ ಹಡಗೇ ಇರಲಿಲ್ಲ! 1914 ರಲ್ಲಿ ಕೋಮಗಾಟ ಮಾರು ಹಡಗಿನಲ್ಲಿ 376 ಮಂದಿ ಭಾರತೀಯರು ವ್ಯಾಂಕೂವರ್ ತಲುಪಿದರು. ಎರಡು ತಿಂಗಳು ನೀರಿನ ಮೇಲೆ ಕಾಯಿಸಿ, ಬೆರಳೆಣಿಕೆಯ ಕೆಲವರನ್ನು ಬಿಟ್ಟು ಉಳಿದವರನ್ನು ಹಿಂದಕ್ಕೆ ಅಟ್ಟಲಾಯಿತು. ಕಲ್ಕತ್ತೆಯ ಬಳಿ ಬಜ್ ಬಜ್‌ನಲ್ಲಿ ಇಳಿದ ಅವರ ಮೇಲೆ ಬ್ರಿಟಿಷರ ಗುಂಡು ಹಾರಿತು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016 ರಲ್ಲಿ.

ಇಂದಿನ ಸ್ಥಿತಿ ಏನು? ಯುರೋಪಿನ 29 ದೇಶಗಳು ಷೆಂಗೆನ್ ಒಪ್ಪಂದದಡಿ ಒಂದಾಗಿವೆ. 1985 ರಲ್ಲಿ ಲಕ್ಸೆಂಬರ್ಗಿನ ಷೆಂಗೆನ್ ಎಂಬ ಗ್ರಾಮದಲ್ಲಿ ಆರಂಭವಾದ ಈ ವ್ಯವಸ್ಥೆ ಮೆಚ್ಚತಕ್ಕದ್ದೇ. ಎರಡು ಮಹಾಯುದ್ಧಗಳಲ್ಲಿ ಒಬ್ಬರನ್ನೊಬ್ಬರು ಕೊಂದುಕೊಂಡ ನೆರೆಹೊರೆಯವರು ಗಡಿಯ ಕಾವಲನ್ನು ತೆಗೆದರು. ಆದರೆ ಒಳಗೋಡೆ ಕೆಡವಿದ ಕೈಗಳೇ ಹೊರಗೋಡೆಯನ್ನು ಎತ್ತರಿಸಿವೆ. ಭಾರತದ ಪ್ರವಾಸಿ 90 ಯೂರೊ ಶುಲ್ಕ ತೆರಬೇಕು. 2024 ರ ಜೂನ್‌ವರೆಗೆ ಅದು 80 ಇತ್ತು. ಅರ್ಜಿ ತೆಗೆದುಕೊಳ್ಳುವ ಖಾಸಗಿ ಕಂಪೆನಿಯ ಸೇವಾಶುಲ್ಕ ಬೇರೆ. ಕನಿಷ್ಠ 30,000 ಯೂರೊಗಳ ವೈದ್ಯಕೀಯ ವಿಮೆ, ಉಳಿಯುವ ಜಾಗದ ರುಜುವಾತು, ಬ್ಯಾಂಕಿನ ಲೆಕ್ಕ, ಕೆಲಸ ಕೊಟ್ಟವರ ರಜೆಯ ಪತ್ರ, ಮೊದಲ ಸಲವಾದರೆ ಖುದ್ದಾಗಿ ಹೋಗಿ ಬೆರಳಚ್ಚು. ಇಷ್ಟೆಲ್ಲ ಒಪ್ಪಿಸಿದ ಮೇಲೂ ಅರ್ಜಿ ತಿರಸ್ಕೃತವಾದರೆ ಶುಲ್ಕ ವಾಪಸಿಲ್ಲ.

ಅಮೆರಿಕದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ. ಪ್ರವಾಸಿಯಾಗಿ ಬರುವ ಪ್ರತಿಯೊಬ್ಬನೂ ಅಲ್ಲೇ ನೆಲೆಸಲು ಬರುವವನೆಂದು ಅದು ಮೊದಲೇ ಭಾವಿಸುತ್ತದೆ. ಹಾಗಲ್ಲವೆಂದು ರುಜುವಾತು ಮಾಡುವ ಹೊಣೆ ಅರ್ಜಿದಾರನದು. ಆಪಾದಿತನೇ ತನ್ನ ನಿರ್ದೋಷವನ್ನು ತೋರಿಸಬೇಕೆನ್ನುವ ಈ ನ್ಯಾಯವನ್ನು ಅದೇ ದೇಶ ತನ್ನ ಕ್ರಿಮಿನಲ್ ಕೋರ್ಟುಗಳಲ್ಲಿ ಒಪ್ಪುವುದಿಲ್ಲ. ಕೆಲವೇ ನಿಮಿಷಗಳ ಸಂದರ್ಶನದಲ್ಲಿ ಅಧಿಕಾರಿಗೆ ನಂಬಿಕೆ ಬಾರದಿದ್ದರೆ 185 ಡಾಲರ್ ಹೋಯಿತು. ಮೇಲ್ಮನವಿಯಿಲ್ಲ, ಮತ್ತೆ ಅರ್ಜಿ, ಮತ್ತೆ ಶುಲ್ಕ. 2025 ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸ ತೆರೆಯಿತು. ತೆರೆದಾಗ ಅಲ್ಲಿ ವೀಸಾ ಕೆಲಸ ಇರಲಿಲ್ಲ. ಅದಕ್ಕಾಗಿ ಕನ್ನಡಿಗರು ಬಹುಕಾಲ ಚೆನ್ನೈ, ಹೈದರಾಬಾದುಗಳಿಗೆ ರೈಲು ಹತ್ತಿದವರು.

ತನ್ನ ಮನೆಗೆ ಯಾರು ಬರುತ್ತಾರೆಂದು ತಿಳಿಯುವ ಹಕ್ಕು ಪ್ರತಿ ರಾಷ್ಟ್ರಕ್ಕೂ ಇದೆ, ಪ್ರವಾಸಿಯ ಹೆಸರಿನಲ್ಲಿ ಹೋಗಿ ಅವಧಿ ಮೀರಿ ಉಳಿಯುವವರೂ ಇದ್ದಾರೆ ಎಂದು ಕೆಲವರು ಹೇಳುತ್ತಾರೆ. ಎರಡೂ ನಿಜ. ನಮ್ಮ ತಕರಾರು ತನಿಖೆಯ ಮೇಲಲ್ಲ, ಅದರ ಅಳತೆಗೋಲಿನ ಮೇಲೆ. ಊರಿಗೆ ಹಿಂದಿರುಗುವ ಮನಸ್ಸನ್ನು ಅಳೆಯುವುದು ಬ್ಯಾಂಕಿನ ಪುಸ್ತಕದಿಂದ. ದಿನಗೂಲಿಯವನಿಗೆ ರಜೆಯ ಪತ್ರ ಕೊಡುವವರು ಯಾರು? ಗೇಣಿಯ ಹೊಲದಲ್ಲಿ ದುಡಿಯುವವಳು ಆದಾಯ ತೆರಿಗೆಯ ಕಾಗದವನ್ನು ಎಲ್ಲಿಂದ ತಂದಾಳು? ಊರಿಗೆ ಎಲ್ಲರಿಗಿಂತ ಗಟ್ಟಿಯಾಗಿ ಬೇರುಬಿಟ್ಟವರು ಇವರೇ. ಕಾಗದದ ಮೇಲೆ ಇವರಿಗೆ ಬೇರೇ ಇಲ್ಲ! 2024 ರ ಏಪ್ರಿಲ್‌ನಲ್ಲಿ ಯುರೋಪು ಭಾರತೀಯರಿಗೆ ಒಂದು ಸಡಿಲಿಕೆ ಕೊಟ್ಟಿತು. ಮೂರು ವರ್ಷಗಳಲ್ಲಿ ಎರಡು ಸಲ ವೀಸಾ ಪಡೆದು ನಿಯಮದಂತೆ ಹೋಗಿಬಂದವರಿಗೆ ಎರಡು ವರ್ಷದ, ಆಮೇಲೆ ಐದು ವರ್ಷದ ವೀಸಾ. ಸಂತೋಷವೇ. ಆದರೆ ಇದು ಹೋಗಿಬಂದವರಿಗೆ ಮತ್ತೆ ಹೋಗುವ ಸುಖ. ಮೊದಲ ಸಲ ಹೊರಟವನು ಬಾಗಿಲಲ್ಲೇ ನಿಂತಿದ್ದಾನೆ.

ನಮ್ಮ ಮನೆಯ ಲೆಕ್ಕವನ್ನೂ ಮುಚ್ಚಿಡಬಾರದು. ಹಂಪಿ ನೋಡಲು ಬರುವ ಜರ್ಮನ್ ಪ್ರವಾಸಿಗೂ ಭಾರತದ ವೀಸಾ ಬೇಕು. ಆದರೆ 2014 ರ ನವೆಂಬರಿನಲ್ಲಿ 43 ದೇಶಗಳಿಗೆ ಆರಂಭವಾದ ಇ-ವೀಸಾ ವ್ಯವಸ್ಥೆಯಲ್ಲಿ ಅವನು ಮನೆಯಲ್ಲೇ ಕುಳಿತು ಅರ್ಜಿ ತುಂಬಬಹುದು. ದೂತಾವಾಸದ ಬಾಗಿಲು ಕಾಯಬೇಕಿಲ್ಲ. ಇದು ಸೌಜನ್ಯ, ಸರಿಯಾದ ದಾರಿ. ಆದರೆ ಅರ್ಜಿ ತಿರಸ್ಕೃತವಾದರೆ ನಮ್ಮ ಸರ್ಕಾರವೂ ಶುಲ್ಕ ಹಿಂತಿರುಗಿಸುವುದಿಲ್ಲ. ಪರರಲ್ಲಿ ಖಂಡಿಸುವುದನ್ನು ನಮ್ಮಲ್ಲಿ ಸಮರ್ಥಿಸಲಾಗದು. 2018 ರ ಜನವರಿಯಲ್ಲಿ ಹೆಚ್ಚು ಓದಿರದ ಕಾರ್ಮಿಕರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡುವೆವೆಂದು ಹೊರಟಿದ್ದು ನಮ್ಮದೇ ಸರ್ಕಾರ. ಜನರ ವಿರೋಧ ಕಂಡು ಅದೇ ತಿಂಗಳು ಕೈಬಿಟ್ಟಿತು. ಕಾಗದಕ್ಕೇ ಜಾತಿ ಕಟ್ಟುವ ಆ ಬುದ್ಧಿ ಮತ್ತೆ ಹುಟ್ಟಬಾರದು.

ಹೊರಡುವವರಿಗೆ ಕೆಲವು ಮಾತು. ವೀಸಾ ಸಿಕ್ಕಿತೆಂದರೆ ಪ್ರವೇಶ ಸಿಕ್ಕಿತೆಂದಲ್ಲ. ಕೊನೆಯ ತೀರ್ಮಾನ ಗಡಿಯ ಅಧಿಕಾರಿಯದು. ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಉಳಿಯುವಂತಿಲ್ಲ. ಅಲ್ಲಿಂದ ಹೊರಡುವ ದಿನದ ಮೇಲೂ ಪಾಸ್‌ಪೋರ್ಟಿಗೆ ಮೂರು ತಿಂಗಳ ಆಯುಸ್ಸಿರಬೇಕು. ಅಮೆರಿಕದ ವೀಸಾದ ಮೇಲಿನ ಕೊನೆಯ ದಿನಾಂಕ ಒಳಹೋಗುವುದಕ್ಕೆ ಸಂಬಂಧಿಸಿದ್ದು. ಎಷ್ಟು ದಿನ ಉಳಿಯಬಹುದೆಂಬುದನ್ನು ಅಲ್ಲಿ ಇಳಿದಾಗ ಗೊತ್ತುಮಾಡುತ್ತಾರೆ. ಷೆಂಗೆನ್ ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಬರಹದಲ್ಲಿ ಕೊಡಲೇಬೇಕು, ಮೇಲ್ಮನವಿಯ ಹಕ್ಕೂ ಉಂಟು. ವೀಸಾ ಕೈಗೆ ಬರುವ ಮುಂಚೆ ಹಣ ವಾಪಸಾಗದ ಟಿಕೆಟ್ ಕೊಳ್ಳಬೇಡಿ. ದಲ್ಲಾಳಿಯ ಮಾತಿಗೆ ಮರುಳಾಗಿ ಸುಳ್ಳು ಕಾಗದ ಲಗತ್ತಿಸಿದರೆ ಅಮೆರಿಕದ ಬಾಗಿಲು ಆಜೀವ ಮುಚ್ಚಬಹುದು.

ಇಂಥ ಸಂಗತಿಗಳು ಇಂಗ್ಲಿಷ್ ಬಲ್ಲವರ ಗುಟ್ಟಾಗಿ ಉಳಿದಿರುವುದರಿಂದಲೇ ದಲ್ಲಾಳಿಗಳು ಬದುಕುತ್ತಿದ್ದಾರೆ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೊಡುವ ಯೋಜನೆ ದೇಶದಲ್ಲಿ ಮೊದಲು ಆರಂಭವಾದ ಊರುಗಳಲ್ಲಿ ಮೈಸೂರೂ ಒಂದು, 2017 ರ ಜನವರಿಯಲ್ಲಿ. ಪಾಸ್‌ಪೋರ್ಟ್ ಕೊಡುವ ಅದೇ ಅಂಚೆ ಕಚೇರಿಗಳಲ್ಲಿ ಯಾವ ದೇಶಕ್ಕೆ ಏನು ಬೇಕು, ತಿರಸ್ಕಾರವಾದರೆ ಏನು ಮಾಡಬೇಕು ಎಂಬುದನ್ನು ಕನ್ನಡದಲ್ಲಿ ತಿಳಿಸುವ ಏರ್ಪಾಡು ಆಗಬೇಕು. ಇದು ಮೊದಲನೆಯ ಬೇಡಿಕೆ. ಎರಡನೆಯದು: ತಿರಸ್ಕರಿಸಿದ ಅರ್ಜಿಯ ಶುಲ್ಕದಲ್ಲಿ ಪರಿಶೀಲನೆಯ ನಿಜವಾದ ಖರ್ಚನ್ನು ಕಳೆದು ಉಳಿದದ್ದನ್ನು ಹಿಂತಿರುಗಿಸುವ ನಿಯಮವನ್ನು ಭಾರತ ತಾನೇ ಮೊದಲು ಪಾಲಿಸಲಿ, ಅನಂತರ ವ್ಯಾಪಾರದ ಒಪ್ಪಂದಗಳಿಗೆ ಕೂರುವಾಗ ಪರರಿಂದಲೂ ಅದನ್ನು ಕೇಳಲಿ. ಸರಕಿನ ಸುಂಕ ಇಳಿಸಲು ತಿಂಗಳುಗಟ್ಟಲೆ ಚೌಕಾಸಿ ಮಾಡುವವರಿಗೆ ಮನುಷ್ಯನ ಸುಂಕ ನೆನಪಾಗಬಾರದೆ?

ಪರದೇಶಕ್ಕೆ ಹೋಗುವ ಹಕ್ಕು ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ನಮ್ಮ ಸುಪ್ರೀಂ ಕೋರ್ಟ್ 1967 ರಲ್ಲಿ ಸಾರಿತು. ಅದುವರೆಗೆ ಪಾಸ್‌ಪೋರ್ಟ್ ಸರ್ಕಾರದ ಮರ್ಜಿಯಾಗಿತ್ತು; ಅದೇ ವರ್ಷ ಪಾಸ್‌ಪೋರ್ಟಿಗೆ ಕಾಯಿದೆ ಬಂದಿತು. ಸ್ವದೇಶದಿಂದ ಹೊರಡುವ ಹಕ್ಕನ್ನು ಹೀಗೆ ಗಳಿಸಿದ್ದೇವೆ. ಪರರ ಬಾಗಿಲಲ್ಲಿ ನ್ಯಾಯವಾಗಿ ವಿಚಾರಿಸಿಕೊಳ್ಳುವ ಹಕ್ಕು ಇನ್ನೂ ಗಳಿಸಬೇಕಾಗಿದೆ. 1950 ರ ಒಪ್ಪಂದದ ಅಡಿಯಲ್ಲಿ ಭಾರತ ಮತ್ತು ನೇಪಾಳದ ಜನ ವೀಸಾ ಇಲ್ಲದೆ ಒಬ್ಬರ ದೇಶಕ್ಕೆ ಒಬ್ಬರು ಹೋಗಿಬರುತ್ತಿದ್ದಾರೆ. ಎರಡು ದೇಶಗಳೂ ಉಳಿದಿವೆ. ಬಾಗಿಲು ತೆರೆಯುವುದು ಬಿಡುವುದು ಮನೆಯವರ ಇಷ್ಟವೆನ್ನೋಣ. ತೆರೆಯದ ಬಾಗಿಲಿಗೆ ಬಡವನಿಂದ ಸುಂಕ ಕೀಳುವುದು ಯಾವ ನ್ಯಾಯ?