ವಿದೇಶದಲ್ಲಿ ವ್ಯಾಸಂಗ ಮುಗಿಸಿದವರಿಗೆ ಅಲ್ಲಿಯೇ ಉದ್ಯೋಗ: ಕೆ.ಜಿ.ಎಫ್. ಮತ್ತು ಬಂಗಾರಪೇಟೆ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಹಿನ್ನೆಲೆ

1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಕೋಲಾರ ಚಿನ್ನದ ಗಣಿಗಳ ಆಡಳಿತ ನಡೆಸುತ್ತಿದ್ದಾಗ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಕೆಲಸ ಬಲ್ಲವರು ಉದ್ಯೋಗ ಅರಸಿ ಇಲ್ಲಿಗೆ ಬಂದಿದ್ದರು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಗಣಿಗಾರಿಕೆಯನ್ನು ನಿಲ್ಲಿಸಿದ ನಂತರ ಇಲ್ಲಿನ ಜನರೇ ಉದ್ಯೋಗ ಅರಸಿ ಹೊರಗೆ ಹೋಗುವಂತಾಯಿತು. ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುವ ರೈಲುಗಳಲ್ಲಿ ಪ್ರತಿದಿನ ಸಹಸ್ರಾರು ಮಂದಿ ಕೆಲಸಕ್ಕೆ ಪ್ರಯಾಣಿಸುತ್ತಿದ್ದಾರೆ. ಈ ಕುಟುಂಬಗಳ ಮುಂದಿನ ಪೀಳಿಗೆಯ ಕೆಲವರು ಈಗ ಬ್ರಿಟನ್, ಜರ್ಮನಿ, ಅಮೆರಿಕ ಮುಂತಾದ ದೇಶಗಳ ವಿಶ್ವವಿದ್ಯಾಲಯಗಳಿಗೆ ತೆರಳುತ್ತಿದ್ದಾರೆ.

ಇಂತಹ ಕುಟುಂಬಗಳಲ್ಲಿ ವಿದೇಶ ವ್ಯಾಸಂಗವು ಸಾಲದ ಮೇಲೆ ನಿಂತಿರುತ್ತದೆ. ಓದು ಮುಗಿದ ಮೇಲೆ ಅಲ್ಲಿಯೇ ಕೆಲವು ವರ್ಷ ದುಡಿದು ಸಾಲ ತೀರಿಸಬಹುದೆಂಬುದು ಪೋಷಕರ ಲೆಕ್ಕಾಚಾರ. ಆದರೆ 2024 ಮತ್ತು 2025ರಲ್ಲಿ ಹಲವು ದೇಶಗಳು ವಿದೇಶಿ ವಿದ್ಯಾರ್ಥಿಗಳ ಉದ್ಯೋಗ ನಿಯಮಗಳನ್ನು ಬದಲಾಯಿಸಿವೆ. ಆದುದರಿಂದ ಪ್ರವೇಶಪತ್ರ ದೊರೆಯಿತೇ ಎಂಬುದಕ್ಕಿಂತ, ಪದವಿಯ ನಂತರ ಉದ್ಯೋಗ ಹುಡುಕಲು ಎಷ್ಟು ತಿಂಗಳು ದೊರೆಯುತ್ತವೆ ಎಂಬ ಪ್ರಶ್ನೆಯೇ ಈಗ ಮುಖ್ಯವಾಗಿದೆ.

ದೇಶವಾರು ಸ್ಥಿತಿ

ಬ್ರಿಟನ್: 2021ರ ಜುಲೈ 1ರಂದು ಆರಂಭವಾದ ಗ್ರಾಜುಯೇಟ್ ವೀಸಾದಡಿ ಸ್ನಾತಕ ಮತ್ತು ಸ್ನಾತಕೋತ್ತರ ಪದವೀಧರರಿಗೆ 2 ವರ್ಷಗಳ ಅವಧಿಯನ್ನು ನಿಗದಿಪಡಿಸಲಾಗಿತ್ತು. 2027ರ ಜನವರಿ 1ರಿಂದ ಸಲ್ಲಿಸುವ ಅರ್ಜಿಗಳಿಗೆ ಈ ಅವಧಿ 18 ತಿಂಗಳು. ಪಿಎಚ್.ಡಿ. ಪಡೆದವರಿಗೆ 3 ವರ್ಷಗಳ ಅವಧಿ ಮುಂದುವರಿಯುತ್ತದೆ. ನಂತರವೂ ಉಳಿಯಬೇಕಾದರೆ ಸ್ಕಿಲ್ಡ್ ವರ್ಕರ್ ವೀಸಾ ಅಗತ್ಯ. ಇದರ ಸಾಮಾನ್ಯ ವೇತನ ಮಿತಿಯನ್ನು 2025ರ ಜುಲೈ 22ರಿಂದ ವಾರ್ಷಿಕ 41,700 ಪೌಂಡ್‌ಗಳಿಗೆ ಏರಿಸಲಾಗಿದೆ. ಹೊಸ ಪದವೀಧರರಿಗೆ ಷರತ್ತುಗಳಿಗೆ ಒಳಪಟ್ಟು ಕಡಿಮೆ ಮಿತಿ ಅನ್ವಯಿಸುತ್ತದೆ.

ಜರ್ಮನಿ: ಪದವಿಯ ನಂತರ ಉದ್ಯೋಗ ಹುಡುಕಲು 18 ತಿಂಗಳ ವಾಸದ ಪರವಾನಗಿ ದೊರೆಯುತ್ತದೆ. ಈ ಅವಧಿಯಲ್ಲಿ ಜೀವನ ನಿರ್ವಹಣೆಗಾಗಿ ಯಾವುದೇ ಕೆಲಸ ಮಾಡಬಹುದು. ಓದುವಾಗ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು 2024ರ ಮಾರ್ಚ್‌ನಿಂದ ಅವಕಾಶವಿದೆ. ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಜರ್ಮನ್ ಭಾಷೆ ಬಾರದಿದ್ದಲ್ಲಿ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಲ್ಲಿ ಕೆಲಸ ದೊರೆಯುವುದು ಕಷ್ಟ.

ಅಮೆರಿಕ: ಪದವಿಯ ನಂತರ 12 ತಿಂಗಳ ಪ್ರಾಯೋಗಿಕ ತರಬೇತಿಗೆ ಅವಕಾಶವಿದ್ದು, ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತ ವಿಷಯಗಳವರಿಗೆ ಇನ್ನೂ 24 ತಿಂಗಳ ವಿಸ್ತರಣೆ ಇದೆ. ಮೊದಲ 12 ತಿಂಗಳಲ್ಲಿ ಒಟ್ಟು 90 ದಿನಗಳಿಗಿಂತ ಹೆಚ್ಚು ಕಾಲ ನಿರುದ್ಯೋಗಿಯಾಗಿ ಇರುವಂತಿಲ್ಲ. ಮುಂದಿನ ಹಂತದ ಎಚ್-1ಬಿ ವೀಸಾಗಳ ವಾರ್ಷಿಕ ಮಿತಿ 65,000, ಅಮೆರಿಕದಲ್ಲಿಯೇ ಸ್ನಾತಕೋತ್ತರ ಪದವಿ ಪಡೆದವರಿಗೆ ಹೆಚ್ಚುವರಿಯಾಗಿ 20,000. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ 1,00,000 ಡಾಲರ್ ಶುಲ್ಕ ಘೋಷಿಸಲಾಯಿತು. ಅಮೆರಿಕದಲ್ಲಿದ್ದುಕೊಂಡೇ ವಿದ್ಯಾರ್ಥಿ ವೀಸಾದಿಂದ ಬದಲಾಯಿಸಿಕೊಳ್ಳುವವರಿಗೆ ಇದು ಅನ್ವಯಿಸುವುದಿಲ್ಲವೆಂದು ಮರುತಿಂಗಳು ಸ್ಪಷ್ಟಪಡಿಸಲಾಯಿತು.

ಸಾಲದ ಗಡುವು ಮತ್ತು ವೀಸಾದ ಗಡುವು

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಸಾಮಾನ್ಯವಾಗಿ ವ್ಯಾಸಂಗದ ಅವಧಿ ಮತ್ತು ಅನಂತರದ 1 ವರ್ಷ ಕಂತು ಪಾವತಿಯಿಂದ ವಿನಾಯಿತಿ ಇರುತ್ತದೆ. ಆದರೆ ಈ ಅವಧಿಯಲ್ಲಿಯೂ ಬಡ್ಡಿ ಸೇರುತ್ತಲೇ ಇರುತ್ತದೆ. ಒಂದು ವರ್ಷದ ಸ್ನಾತಕೋತ್ತರ ಪದವಿಗೆ ಬ್ರಿಟನ್‌ಗೆ ಹೋದವರಿಗೆ ಪದವಿಯ 12 ತಿಂಗಳ ನಂತರ ಕಂತು ಆರಂಭವಾಗುತ್ತದೆ, 18 ತಿಂಗಳಿಗೆ ವೀಸಾ ಮುಗಿಯುತ್ತದೆ. ಅಷ್ಟರೊಳಗೆ ತಕ್ಕ ಉದ್ಯೋಗ ದೊರೆಯದಿದ್ದಲ್ಲಿ ಪೌಂಡ್‌ನಲ್ಲಿ ಮಾಡಿದ ವೆಚ್ಚವನ್ನು ರೂಪಾಯಿಯ ಸಂಬಳದಲ್ಲಿ ತೀರಿಸಬೇಕಾಗುತ್ತದೆ.

ಈ ಎರಡು ತಾಲ್ಲೂಕುಗಳಲ್ಲಿ ಇನ್ನೊಂದು ತೊಡಕಿದೆ. ಮಾದರಿ ಯೋಜನೆಯ ಪ್ರಕಾರ 7.5 ಲಕ್ಷ ರೂಪಾಯಿ ಮೀರಿದ ಸಾಲಕ್ಕೆ ಆಸ್ತಿಯ ಭದ್ರತೆ ಕೇಳಲಾಗುತ್ತದೆ. ಗಣಿ ಕಂಪನಿಯ ಕಾಲದ ವಸತಿಗೃಹಗಳಲ್ಲಿ ವಾಸವಿದ್ದು ಹಕ್ಕುಪತ್ರ ಕೈಯಲ್ಲಿಲ್ಲದವರು ಆ ಮನೆಯನ್ನು ಭದ್ರತೆಯಾಗಿ ತೋರಿಸಲಾಗದು. ಬಂಗಾರಪೇಟೆ ಭಾಗದ ರೈತರ ಕೃಷಿ ಜಮೀನನ್ನು ಅನೇಕ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಒಪ್ಪುವುದಿಲ್ಲ. ಆಗ ಉಳಿಯುವುದು ಒಡವೆಯ ಅಡಮಾನ ಮತ್ತು ಕೈಸಾಲ. ಕೈಸಾಲಕ್ಕೆ ವಿನಾಯಿತಿ ಅವಧಿಯೇ ಇಲ್ಲ, ಮೊದಲ ತಿಂಗಳಿನಿಂದಲೇ ಬಡ್ಡಿ ಕಟ್ಟಬೇಕು.

ಆದುದರಿಂದ ಸಾಲಕ್ಕೆ ಮೊದಲು ವಿದ್ಯಾರ್ಥಿವೇತನದ ಅರ್ಹತೆಯನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ 'ಪ್ರಬುದ್ಧ' ಯೋಜನೆಯೂ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ರೂಪುಗೊಂಡಿವೆ. ಅಲ್ಪಸಂಖ್ಯಾತರಿಗೆ ಬಡ್ಡಿ ಸಹಾಯಧನ ನೀಡುತ್ತಿದ್ದ ಕೇಂದ್ರದ 'ಪಢೋ ಪರದೇಶ್' ಯೋಜನೆಯನ್ನು 2022-23ರಿಂದ ಸ್ಥಗಿತಗೊಳಿಸಲಾಗಿದೆ. ಹಳೆಯ ಕರಪತ್ರಗಳಲ್ಲಿನ ಮಾಹಿತಿಯನ್ನು ನಂಬಬಾರದು.

ಸ್ಥಳೀಯ ಉದ್ಯೋಗದಾತರು ಏಕೆ ಹಿಂಜರಿಯುತ್ತಾರೆ?

ಪರವಾನಗಿ, ಶುಲ್ಕ ಮತ್ತು ಕಾಗದಪತ್ರಗಳ ಭಯದಿಂದ ಸಣ್ಣ ಸಂಸ್ಥೆಗಳು ವಿದೇಶಿ ಪದವೀಧರರ ಅರ್ಜಿಗಳನ್ನು ಬದಿಗಿಡುವುದುಂಟು. ಈ ಭಯ ಎಲ್ಲ ಸಂದರ್ಭಗಳಲ್ಲಿಯೂ ಸರಿಯಲ್ಲ. ಬ್ರಿಟನ್‌ನ ಗ್ರಾಜುಯೇಟ್ ವೀಸಾ ಇರುವವರನ್ನು ನೇಮಿಸಿಕೊಳ್ಳಲು ಉದ್ಯೋಗದಾತರಿಗೆ ಪ್ರಾಯೋಜಕತ್ವದ ಪರವಾನಗಿ ಬೇಕಿಲ್ಲ. ಅಮೆರಿಕದ 12 ತಿಂಗಳ ತರಬೇತಿಗೂ ಉದ್ಯೋಗದಾತರು ವೀಸಾ ಅರ್ಜಿ ಹಾಕಬೇಕಿಲ್ಲ. ಈ ಸಂಗತಿಯನ್ನು ಅರ್ಜಿಪತ್ರದಲ್ಲಿಯೇ ಒಂದು ವಾಕ್ಯದಲ್ಲಿ ತಿಳಿಸುವುದು ಪ್ರಯೋಜನಕರ.

ಬ್ರಿಟನ್‌ನಲ್ಲಿ ಇನ್ನೊಂದು ಅಂಶ ಗಮನಾರ್ಹ. ಸ್ಕಿಲ್ಡ್ ವರ್ಕರ್ ವೀಸಾ ಪ್ರಾಯೋಜಿಸುವ ಸಂಸ್ಥೆಗಳು ಸರ್ಕಾರಕ್ಕೆ ಕೌಶಲ ಶುಲ್ಕ ಕಟ್ಟಬೇಕಿದ್ದು, 2025ರ ಡಿಸೆಂಬರ್‌ನಿಂದ ಅದನ್ನು ಹೆಚ್ಚಿಸಲಾಗಿದೆ. ವಿದ್ಯಾರ್ಥಿ ವೀಸಾದಿಂದ ನೇರವಾಗಿ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬದಲಾಗುವವರ ವಿಷಯದಲ್ಲಿ ಈ ಶುಲ್ಕಕ್ಕೆ ವಿನಾಯಿತಿ ಇದೆ. ಅಂದರೆ ವ್ಯಾಸಂಗದ ಕೊನೆಯಲ್ಲಿಯೇ ಕೆಲಸ ಗೊತ್ತುಮಾಡಿಕೊಂಡ ವಿದ್ಯಾರ್ಥಿಯು ಉದ್ಯೋಗದಾತರಿಗೂ ಕಡಿಮೆ ಖರ್ಚಿನ ಅಭ್ಯರ್ಥಿ. ಪದವಿ ಪ್ರದಾನದ ನಂತರ ಹುಡುಕಲು ಆರಂಭಿಸುವವರು ಈ ಅನುಕೂಲವನ್ನು ಕಳೆದುಕೊಳ್ಳುತ್ತಾರೆ. ಪರವಾನಗಿ ಪಡೆದ ಸಂಸ್ಥೆಗಳ ಪಟ್ಟಿಯನ್ನು ಬ್ರಿಟನ್ ಸರ್ಕಾರವೇ ಪ್ರಕಟಿಸುತ್ತದೆ. ವಿಶ್ವವಿದ್ಯಾಲಯದ ಉದ್ಯೋಗ ಮಾರ್ಗದರ್ಶನ ಕಚೇರಿಯನ್ನು ಮೊದಲ ಅವಧಿಯಲ್ಲಿಯೇ ಸಂಪರ್ಕಿಸಬೇಕು.

ಮಧ್ಯವರ್ತಿಗಳ ಬಗ್ಗೆ ಎಚ್ಚರಿಕೆ

ವಿದೇಶಿ ಉದ್ಯೋಗಕ್ಕೆ ನೇಮಕ ಮಾಡುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಅವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ವಿಶ್ವವಿದ್ಯಾಲಯ ಪ್ರವೇಶ ಮಾಡಿಸಿಕೊಡುವ ಸಲಹಾ ಕೇಂದ್ರಗಳು ಈ ನೋಂದಣಿಯ ವ್ಯಾಪ್ತಿಗೆ ಬರುವುದಿಲ್ಲ. ಆದುದರಿಂದ ಪ್ರವೇಶದ ಜೊತೆಗೆ 'ಕೆಲಸ ಖಚಿತ' ಎಂದು ಹಣ ಕೇಳುವವರಲ್ಲಿ ನೋಂದಣಿ ಸಂಖ್ಯೆಯನ್ನು ಕೇಳಿ, ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಪರಿಶೀಲಿಸಬೇಕು.

ಹಿಂದಿರುಗುವವರಿಗೆ

ಹಿಂದಿರುಗುವುದನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಆದರೆ ಅದಕ್ಕೂ ಮೊದಲೇ ಯೋಜನೆ ಇರಬೇಕು. ಕೆ.ಜಿ.ಎಫ್.ನಲ್ಲಿ ಬಿ.ಇ.ಎಂ.ಎಲ್. ಘಟಕವಿದೆ. ನರಸಾಪುರದಲ್ಲಿ 2013ರಲ್ಲಿ ಆರಂಭವಾದ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆಯೂ, 2023ರಲ್ಲಿ ಟಾಟಾ ಸಮೂಹದ ಕೈಸೇರಿದ ಐಫೋನ್ ಜೋಡಣಾ ಘಟಕವೂ ಇವೆ. ವೇಮಗಲ್ ಮತ್ತು ಮಾಲೂರಿನಲ್ಲಿ ಕೈಗಾರಿಕಾ ಪ್ರದೇಶಗಳಿವೆ. ಇಲ್ಲಿಯೂ ಉಪಯೋಗಕ್ಕೆ ಬರುವ ವಿಷಯವನ್ನು ಆಯ್ದುಕೊಂಡವರಿಗೆ ಎರಡು ದಾರಿಗಳು ತೆರೆದಿರುತ್ತವೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಪದವಿ ಮುಗಿಯುವ ದಿನ, ವೀಸಾ ಮುಗಿಯುವ ದಿನ ಮತ್ತು ಮೊದಲ ಕಂತಿನ ದಿನ, ಈ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ಹೋಲಿಸಿದ ನಂತರವೇ ಶುಲ್ಕ ಪಾವತಿಸುವುದು.

2. ಸ್ಥಳೀಯ ಎಂಜಿನಿಯರಿಂಗ್ ಪದವೀಧರರು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಿಂದ, ಇತರ ಪದವೀಧರರು ಬೆಂಗಳೂರು ಉತ್ತರ ವಿಶ್ವವಿದ್ಯಾಲಯದಿಂದ ಅಥವಾ ವಿಭಜನೆಗೆ ಮೊದಲಿನವರಾದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಅಂಕಗಳ ಅಧಿಕೃತ ಪ್ರತಿಗಳನ್ನು ಮುಂಚಿತವಾಗಿ ಪಡೆದುಕೊಳ್ಳುವುದು.

3. ವ್ಯಾಸಂಗದ ಸಮಯದಲ್ಲಿ ಅನುಮತಿಸಿದ ಕೆಲಸದ ಮಿತಿಯನ್ನು ಮೀರದಿರುವುದು. ಬ್ರಿಟನ್‌ನಲ್ಲಿ ಪದವಿ ವಿದ್ಯಾರ್ಥಿಗಳಿಗೆ ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ, ಕೆನಡಾದಲ್ಲಿ ಕಾಲೇಜಿನ ಹೊರಗೆ ವಾರಕ್ಕೆ 24 ಗಂಟೆ. ಮಿತಿ ಮೀರಿದವರ ಮುಂದಿನ ವೀಸಾಕ್ಕೆ ತೊಂದರೆಯಾಗಬಹುದು.

4. ವಿದೇಶದಲ್ಲಿ ತೊಂದರೆಯಾದಲ್ಲಿ ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣದಲ್ಲಿ ದೂರು ದಾಖಲಿಸುವುದು.

5. ವೀಸಾ ನಿಯಮಗಳು ಬದಲಾಗುತ್ತಿರುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಆಯಾ ದೇಶದ ಅಧಿಕೃತ ಜಾಲತಾಣದಲ್ಲಿ ಪರಿಶೀಲಿಸಿಕೊಳ್ಳುವುದು.